ಐದಡಿಯ ಪಿಕಪ್, ಏಳಡಿಯ ಹಸು

ಇದು 2022ರ ಮಳೆಗಾಲದ ಸಂಗತಿ. ಮೂವತ್ತೊಂದು ವರ್ಷ ಪಶುವೈದ್ಯನಾಗಿ ಕಡೂರು, ತರೀಕೆರೆ, ಅಜ್ಜಂಪುರ ಅಂತ ಬೈಕಿನಲ್ಲಿ ಸುತ್ತಿ ನಿವೃತ್ತನಾಗಿದ್ದೆ. ಮನೆಯಲ್ಲಿ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಶಿವನಿಯ ಆಚೆಗಿನ ಒಂದು ಹಳ್ಳಿಯ ಹಾಲು ಉತ್ಪಾದಕರ ಸಂಘ ಕರೆಯಿತು, ಸಲಹಾ ವೈದ್ಯನಾಗಿ ಸೇರಿಕೊಂಡೆ. ಆ ಹಳ್ಳಿಯ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿನ ಅಧ್ಯಕ್ಷರು ಈ ಬರಹವನ್ನೂ ಕತ್ತರಿಸಿ ಫ್ರೇಮು ಹಾಕಿಸುತ್ತಾರೆ.

ಆ ವರ್ಷ ಸಂಘದ ಆಡಳಿತ ಮಂಡಳಿ ಒಂದು ಗಾಡಿ ಕೊಳ್ಳಲು ತೀರ್ಮಾನಿಸಿತ್ತು. ಕಾಯಿಲೆ ಬಿದ್ದ ದನವನ್ನು ಹೊಲದಿಂದ ಸಂಘದ ಷೆಡ್ಡಿಗೆ ಸಾಗಿಸಬೇಕು, ವೈದ್ಯರು ಮಳೆಯಲ್ಲೂ ಹೊಲ ತಲುಪಬೇಕು. ಉದ್ದೇಶ ನೂರಕ್ಕೆ ನೂರು ಸರಿ. ಆ ಭಾಗದ ಎರೆಭೂಮಿ ಒಣಗಿದರೆ ಕಲ್ಲು, ನೆನೆದರೆ ಅಂಟು. ಸಾಧಾರಣ ಗೂಡ್ಸ್ ಗಾಡಿ ಅಲ್ಲಿ ಹತ್ತು ಮಾರು ಹೋಗುವಷ್ಟರಲ್ಲಿ ಹೂತುಕೊಳ್ಳುತ್ತದೆ. ಆದ್ದರಿಂದ ಫೋರ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ ಸಿಗುವ ಪಿಕಪ್ ಬೇಕು ಎಂದಾಗ ನಾನೂ ಹೌದೆಂದೆ.

ಶೋರೂಮಿನವನು ಎರಡು ಬಗೆ ತೋರಿಸಿದ. ಒಂದು ಸಿಂಗಲ್ ಕ್ಯಾಬ್: ಮುಂದೆ ಇಬ್ಬರಿಗೆ ಸೀಟು, ಹಿಂದೆ ಎಂಟಡಿ ಉದ್ದದ ತೊಟ್ಟಿ. ನೋಡಲು ಸಿಮೆಂಟು ಹೊರುವ ಗಾಡಿಯಂತೆ. ಇನ್ನೊಂದು ಡಬಲ್ ಕ್ಯಾಬ್: ಐದು ಜನಕ್ಕೆ ಸೀಟು, ಎ.ಸಿ., ಮಿರಮಿರ ಮಿಂಚುವ ಬಂಪರು, ದೊಡ್ಡ ಟೈರು. ಹಿಂದಿನ ತೊಟ್ಟಿ ಐದಡಿ. ಎರಡರಲ್ಲೂ ನಾಲ್ಕು ಚಕ್ರದ ಬಲ ಇತ್ತು. ಎರಡನೆಯದು ಲೀಟರಿಗೆ ಹತ್ತು ಕಿಲೋಮೀಟರ್ ಕೊಟ್ಟರೆ ಪುಣ್ಯ, ಊರೊಳಗಿನ ಓಣಿಯಲ್ಲಿ ತಿರುಗಿಸಲು ಮೂರು ಸಲ ಹಿಂದೆಮುಂದೆ ಆಡಿಸಬೇಕು.

ಅಧ್ಯಕ್ಷ ಮಂಜಪ್ಪನವರು ಒಂದೇ ಮಾತಿನಲ್ಲಿ ಮುಗಿಸಿದರು: "ಡೈರಿ ಗಾಡಿ ಅಂದ್ರೆ ಒಂದ್ ಗತ್ತಿರ್ಬೇಕು ಕಣ್ರೀ. ಆ ಸಿಮೆಂಟ್ ಗಾಡೀಲಿ ಡೈರೆಕ್ಟ್ರುಗಳು ಎಲ್ ಕೂರಾದು, ತೊಟ್ಟೀಲಾ?"

ಎಲ್ಲರೂ ನಕ್ಕರು. ಮಾರನೆಯ ದಿನ ಮಂಜಪ್ಪನವರು ಶೋರೂಮಿನ ಆ ಡಬಲ್ ಕ್ಯಾಬನ್ನೇ ನನ್ನ ಮನೆ ಬಾಗಿಲಿಗೆ ತಂದು, ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ತರೀಕೆರೆವರೆಗೆ ಹೋಗಿ ಬಂದರು. ಮೂವತ್ತೊಂದು ವರ್ಷ ಬೈಕಿನ ಮೇಲೆ ಕುಲುಕಿದ ನನ್ನ ಸೊಂಟಕ್ಕೆ ಆ ಸೀಟು ಸ್ವರ್ಗವಾಗಿತ್ತು. ವಾಪಸ್ಸು ಬಂದು, ಖರೀದಿಗೆ ಸಲಹಾ ವೈದ್ಯನಾಗಿ ನಾನು ಕೊಡಬೇಕಿದ್ದ ತಾಂತ್ರಿಕ ಅಭಿಪ್ರಾಯದ ಕಾಗದದಲ್ಲಿ "ಸೂಕ್ತ" ಎಂದು ಬರೆದು ಸಹಿ ಹಾಕಿದೆ. ಹಾಲಿನಲ್ಲೇ ಹುಟ್ಟಿ ಬೆಳೆದ ಹನ್ನೊಂದು ಜನ ನಿರ್ದೇಶಕರು ಗಾಡಿಯ ಎತ್ತರ ಕೇಳಿದರು, ಬಣ್ಣ ಕೇಳಿದರು, ಹಾಡು ಹಾಕುವ ಸ್ಕ್ರೀನಿನ ಅಗಲ ಕೇಳಿದರು. ಹಸು ಎಷ್ಟು ಉದ್ದ ಅಂತ ಒಬ್ಬರೂ ಕೇಳಲಿಲ್ಲ. ಪಶುವೈದ್ಯನಾದ ನಾನೂ ಕೇಳಲಿಲ್ಲ.

ಗಾಡಿ ಬಂದ ಮೂರನೆಯ ತಿಂಗಳು, ಒಂದು ಸೋಮವಾರ ಬೆಳಿಗ್ಗೆ ಜಯಮ್ಮನ ಫೋನು ಬಂತು. ಜಯಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು, ಸಂಘದ ಸದಸ್ಯೆ. ಊರಾಚೆ ಹೊಲದಲ್ಲೇ ಮನೆ, ಒಂದೇ ಹಸು. ಈ ಸಲ ಹೆಣ್ಣುಗರು ಆದರೆ ಅದನ್ನು ಸಾಕಿ ಎರಡು ಮಾಡಿಕೊಳ್ಳುತ್ತೇನೆ, ಒಲೆಯ ಹೊಗೆ ಕುಡಿಯುವ ಕೆಲಸ ಬಿಡುತ್ತೇನೆ ಎಂದು ನೋಡಿದಾಗಲೆಲ್ಲ ಹೇಳುತ್ತಿದ್ದಳು.

"ಡಾಕ್ಟ್ರೇ, ರಾತ್ರಿಯಿಂದ ತಿಣುಕ್ತಾ ಐತೆ, ಏನೂ ಬತ್ತಾ ಇಲ್ಲ. ಬೇಗ ಬನ್ನಿ ಸ್ವಾಮಿ," ಎಂದಳು.

ಅಧ್ಯಕ್ಷರ ಬಳಿಯಿದ್ದ ಗಾಡಿಗೆ ಕಾಯದೆ ಹೊರಟು, ಡಾಂಬರು ರಸ್ತೆಯಲ್ಲಿ ಬೈಕು ಬಿಟ್ಟು, ಎರೆಯಲ್ಲಿ ಚಪ್ಪಲಿ ಕಳೆದುಕೊಂಡು ನಡೆದು ತಲುಪಿದಾಗ ಒಂಬತ್ತು ಗಂಟೆ. ಕೈ ಹಾಕಿ ನೋಡಿದೆ. ಗರ್ಭಕೋಶ ತಿರುಚಿಕೊಂಡಿತ್ತು. ಹಿಂಡುವ ಬಟ್ಟೆಯಂತೆ ದಾರಿಯೇ ಮುರಿಗೆ ಬಿದ್ದಿರುತ್ತದೆ, ಕರು ಹೊರಬರುವುದಿಲ್ಲ. ಬೆರಳಿಗೆ ಕರುವಿನ ಕಾಲು ಸಿಕ್ಕಿತು. ಗೊರಸಿನ ಸಂದಿಯಲ್ಲಿ ಹಿಸುಕಿದೆ. ಕಾಲನ್ನು ಸರ್ರನೆ ಎಳೆದುಕೊಂಡಿತು. ಕರು ಬದುಕಿತ್ತು.

ಹಸುವನ್ನು ಮಲಗಿಸಿ, ಹೊಟ್ಟೆಯ ಮೇಲೆ ಹಲಗೆ ಒತ್ತಿ ಹಿಡಿದು, ತಿರುಚಿದ ಕಡೆಗೇ ಹೊರಳಿಸುವ ಒಂದು ಉಪಾಯವಿದೆ. ಅಕ್ಕಪಕ್ಕದ ಹೊಲದವರನ್ನು ಕರೆದು ಎರಡು ಸಲ ಮಾಡಿದೆವು. ಬಿಚ್ಚಲಿಲ್ಲ, ಸುಸ್ತಾದ ಹಸು ಮತ್ತೆ ಮೇಲೇಳಲೂ ಇಲ್ಲ. ಉಳಿದದ್ದು ಸಿಸೇರಿಯನ್. ಅಂಗಳದಲ್ಲಿ ಮೊಣಕಾಲುದ್ದ ಕೆಸರು, ಮೇಲೆ ಜಿಟಿಜಿಟಿ ಮಳೆ. ಅಲ್ಲಿ ಹೊಟ್ಟೆ ಕೊಯ್ದರೆ ನಂಜಾಗಿ ಹಸುವೂ ಹೋಗುತ್ತದೆ. ಸಂಘದ ಷೆಡ್ಡಿನಲ್ಲಿ ಸಿಮೆಂಟು ನೆಲ, ನೀರು, ಲೈಟು, ನನ್ನ ಸಲಕರಣೆ ಎಲ್ಲ ಇತ್ತು. ಇರುವುದು ಎರಡೂವರೆ ಕಿಲೋಮೀಟರ್. ಮಂಜಪ್ಪನವರಿಗೆ ಫೋನು ಮಾಡಿದೆ.

ಹೇಳಬೇಕಾದದ್ದನ್ನು ಹೇಳುತ್ತೇನೆ. ಗಾಡಿ ಇಪ್ಪತ್ತೇ ನಿಮಿಷದಲ್ಲಿ ಬಂತು. ಅವರೇ ಓಡಿಸಿಕೊಂಡು ಬಂದರು. ನಿಧಾನಗತಿಯ ಗೇರಿಗೆ ಹಾಕಿ, ಟ್ರ್ಯಾಕ್ಟರೂ ಹಿಂಜರಿಯುವ ಆ ಕೆಸರಿನಲ್ಲಿ ಒಂದು ಕಡೆಯೂ ನಿಲ್ಲದೆ ನುಗ್ಗಿಸಿದರು. ಜನ ಶಿಳ್ಳೆ ಹಾಕಿದರು. ನನಗೂ ಹೆಮ್ಮೆಯಾಯಿತು, ಸುಳ್ಳೇಕೆ?

ಆಮೇಲೆ ಹಿಂದಿನ ಬಾಗಿಲು ಇಳಿಸಿದರು. ತೊಟ್ಟಿ ಸೊಂಟದೆತ್ತರ, ಐದಡಿ ಉದ್ದ. ಎದುರಿಗೆ ಏಳಡಿ ಉದ್ದಕ್ಕೆ ಮಲಗಿದ, ನಾನೂರು ಕೆ.ಜಿ.ಗೂ ಮಿಕ್ಕ ತುಂಬುಬಸುರಿ. ಎಲ್ಲರೂ ಒಮ್ಮೆ ತೊಟ್ಟಿ ನೋಡಿದರು, ಒಮ್ಮೆ ಹಸು ನೋಡಿದರು.

"ಕತ್ತು ಮಡಚುದ್ರೆ ಹಿಡಿಯಲ್ವಾ?" ಎಂದರು ಮಂಜಪ್ಪ.

"ಅದೇನು ಚಾಪೆಯೇನ್ರೀ ಮಡಚೋಕೆ!" ಎಂದೆ.

ಬಾಗಿಲನ್ನು ಇಳಿಸಿಯೇ ಇಟ್ಟು ಅದರ ಮೇಲೆ ಹಿಂಭಾಗ ಬರುವಂತೆ ಮಲಗಿಸೋಣ ಎಂದು ಟಾರ್ಪಾಲಿನಲ್ಲಿ ಎತ್ತಿದೆವು. ಎಂಟು ಜನ, ಮೂರು ಸಲ. ಮೂರು ಸಲವೂ ಹಸು ಒದ್ದಾಡಿ ಜಾರಿತು. ಮೂರನೆಯ ಸಲ ಅಧ್ಯಕ್ಷರು ಕೂಗಿದ್ದೇನು ಗೊತ್ತೆ? "ಹುಷಾರು ಕಣ್ರೋ, ಬಾಗ್ಲು ಬೆಂಡಾಯ್ತದೆ!" ಆ ಮಾತು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಇದರಲ್ಲೇ ಮುಕ್ಕಾಲು ಗಂಟೆ ಹೋಯಿತು.

ಪಕ್ಕದ ಹೊಲದಲ್ಲೇ ತಿಮ್ಮಣ್ಣನ ಎತ್ತಿನಗಾಡಿ ಇತ್ತು. ಎಲ್ಲರಿಗೂ ಕಾಣುತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ತಿಮ್ಮಣ್ಣ ಎಪ್ಪತ್ತು ದಾಟಿದ ಹಿರಿಯ, ಮಗಳ ಮದುವೆಗೂ ಸೋಮವಾರ ಗಾಡಿ ಕಟ್ಟಿದವನಲ್ಲ. ಅವನನ್ನು ಕೇಳುವುದಾದರೂ ಹೇಗೆ ಎಂದು ನಾನೂ ಸುಮ್ಮನಿದ್ದೆ.

ಕೊನೆಗೆ ಗದ್ದಲ ಕೇಳಿ ಅವನೇ ಬಂದ. ಹಸುವನ್ನು ನೋಡಿದ, ಪಿಕಪ್ಪನ್ನು ನೋಡಿದ.

"ಲೇ, ಇಷ್ಟೊತ್ತು ಏನ್ ಮಾಡ್ತಿದ್ರೋ? ನನ್ನೊಂದ್ ಮಾತು ಕೇಳಕ್ಕೆ ಬಾಯಿ ಬಿದ್ದೋಗಿತ್ತಾ?"

"ಸೋಮಾರ ಅಲ್ವಾ ದೊಡ್ಡಪ್ಪ..." ಎಂದ ಒಬ್ಬ.

"ಬಸ್ವಣ್ಣ ಏನೂ ಅನ್ಕಳಲ್ಲ ತಗಳ್ರೋ. ಒಳಗೆ ಒದ್ದಾಡ್ತಿರಾದೂ ಅವ್ನ ಕುಲುದ್ದೇ!"

ಹೋಗಿ ಎತ್ತುಗಳ ಹಣೆ ಮುಟ್ಟಿ, ಕೈ ಮುಗಿದು, ನೊಗ ಇಟ್ಟ. ಅಂಗಳಕ್ಕೆ ಬಂದ ಮೇಲೆ ಎತ್ತು ಬಿಚ್ಚಿ, ನೊಗ ಕಟ್ಟುವ ಮುಂದಿನ ಮರವಾದ ಮೂಕಿಯನ್ನು ಮೇಲೆತ್ತಿದ. ಎರಡೇ ಚಕ್ರದ ಗಾಡಿ, ಹಿಂಭಾಗ ಬಂದು ನೆಲಕ್ಕೆ ಮುಟ್ಟಿತು. ಹುಲ್ಲು ಹಾಸಿ, ಟಾರ್ಪಾಲಿನ ಸಮೇತ ಹಸುವನ್ನು ಅದರ ಮೇಲೆ ಎಳೆದುಕೊಂಡೆವು. ಮೂಕಿ ಇಳಿಸಿದರೆ ಗಾಡಿ ಸಮ. ಐದು ನಿಮಿಷದ ಕೆಲಸ. ಎತ್ತುಗಳು ಎರೆಯಲ್ಲಿ ಹೆಜ್ಜೆ ಕಿತ್ತು ಕಿತ್ತು ಇಡುತ್ತ ಷೆಡ್ಡು ತಲುಪಲು ನಲವತ್ತು ನಿಮಿಷ ತೆಗೆದುಕೊಂಡವು. ಹಿಂದೆ ಖಾಲಿ ಪಿಕಪ್ಪು ಹೆಡ್‌ಲೈಟ್ ಹಾಕಿಕೊಂಡು ಬರುತ್ತಿತ್ತು.

ಹೊಟ್ಟೆ ಕೊಯ್ದು ಕರು ತೆಗೆದಾಗ ಮಧ್ಯಾಹ್ನ ಹನ್ನೆರಡು. ಹೆಣ್ಣುಗರು. ಮೈ ಇನ್ನೂ ಬಿಸಿಯಿತ್ತು, ಉಸಿರಿರಲಿಲ್ಲ. ತಲೆಕೆಳಗೆ ಹಿಡಿದೆ, ಎದೆ ಉಜ್ಜಿದೆ, ಮೂಗಿಗೆ ಕಡ್ಡಿ ಹಾಕಿದೆ. ಆಗಲಿಲ್ಲ. ಹಸು ಉಳಿಯಿತು.

ಹತ್ತು ದಿನದ ನಂತರ ಸಂಘದ ಸರ್ವಸದಸ್ಯರ ಸಭೆ. ಗೋಡೆಯ ಮೇಲೆ ಫ್ರೇಮು ಹಾಕಿಸಿದ ಒಂದು ದೊಡ್ಡ ಫೋಟೋ: ಕೆಸರು ಸಿಡಿಸುತ್ತ ನುಗ್ಗುವ ಪಿಕಪ್ಪು, ಕೆಳಗೆ "ರೈತರ ಸೇವೆಯಲ್ಲಿ" ಎಂಬ ಬರಹ. ಅಧ್ಯಕ್ಷರು ಜಯಮ್ಮನ ಹಸು ಉಳಿಸಿದ ಗಾಡಿ ಎಂದು ಭಾಷಣ ಶುರು ಮಾಡಿದರು. ನನಗೆ ತಡೆಯಲಾಗಲಿಲ್ಲ.

"ಉಳಿಸಿದ್ದು ತಿಮ್ಮಣ್ಣನ ಗಾಡಿ ಕಣ್ರೀ. ನಿಮ್ಮ ಗಾಡಿ ಸಾಯಿಸಿದ್ದು ಕರುವನ್ನ!" ಎಂದು ಎದ್ದು ನಿಂತೇ ಕೂಗಿದೆ.

ಮಂಜಪ್ಪ ಬೆವರಲೂ ಇಲ್ಲ. ಫೈಲು ತೆರೆದು ಒಂದು ಕಾಗದ ಎತ್ತಿ ಸಭೆಗೆ ತೋರಿಸಿದರು. "ಸೂಕ್ತ ಅಂತ ಸಹಿ ಹಾಕಿರೋರು ಯಾರು ಡಾಕ್ಟ್ರೇ? ನಾನು ಎಸ್ಸೆಲ್ಸಿ ಫೇಲು. ಓದಿರೋರು ನೀವು."

ಸಿಟ್ಟು ನೆತ್ತಿಗೇರಿತು, ಆದರೂ ಕುರ್ಚಿಯಲ್ಲಿ ಕೂತೆ. ಆ ಮನುಷ್ಯ ಹೇಳಿದ್ದು ನಿಜ. ಗಾಡಿಯದೇನೂ ತಪ್ಪಿಲ್ಲ. ಕುಟುಂಬ ಕರೆದುಕೊಂಡು ಬೆಟ್ಟ ಹತ್ತುವವನು, ನಾಲ್ಕು ಜನ ಆಳು, ಒಂದು ಪಂಪುಸೆಟ್ಟು ಹೊತ್ತು ಹೊಲಕ್ಕೆ ಹೋಗುವವನು ಕಣ್ಣು ಮುಚ್ಚಿ ಕೊಳ್ಳಬಹುದು. ಹಸುವಿಗಾಗಿ ಕೊಂಡ ಗಾಡಿಯಲ್ಲಿ ಹಸುವಿಗೆ ಜಾಗವಿದೆಯೇ ಎಂದು ನೋಡುವುದಷ್ಟೇ ನನ್ನ ಕೆಲಸವಾಗಿತ್ತು. ನಾನು ನನ್ನ ಸೊಂಟಕ್ಕೆ ಜಾಗ ನೋಡಿಕೊಂಡು ಸಹಿ ಹಾಕಿದ್ದೆ. ವಸ್ತು ಎಷ್ಟು ಚೆನ್ನಾಗಿದೆ ಎಂದು ಕೇಳುವ ಮೊದಲು ಅದು ಯಾರಿಗಾಗಿ ಎಂದು ಕೇಳಬೇಕು. ಇಷ್ಟು ಸಣ್ಣ ಪಾಠ ಕಲಿಯಲು ನನಗೆ ಇಡೀ ಸೇವಾವಧಿ ಸಾಲದೆ, ನಿವೃತ್ತಿಯಾದ ಮೇಲೆ ಒಂದು ಕರು ಸಾಯಬೇಕಾಯಿತು.

ಸಭೆ ಮುಗಿದ ಮೇಲೆ ಜಯಮ್ಮ ಹೊರಗೆ ಮೆಟ್ಟಿಲ ಹತ್ತಿರ ನಿಂತಿದ್ದಳು. ಮಧ್ಯಾಹ್ನದ ಅಡುಗೆ ಮುಗಿಸಿ ನೇರವಾಗಿ ಬಂದಿದ್ದಳು, ಕಣ್ಣು ಕೆಂಪಗಿತ್ತು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಅವ್ರಿಗೆಲ್ಲ ಬಿಡಿ ಸ್ವಾಮಿ," ಎಂದಳು. "ನಿಮಗೂ ಗೊತ್ತಿರ್ಲಿಲ್ವಾ, ಹಸ ಎಷ್ಟುದ್ದ ಇರ್ತದೆ ಅಂತ?"