ಅಂಜಿಕೆ ಉಳಿಸಿದ ಅಕ್ಕ

ಅಕ್ಕನ ಬೆರಳ ಸಂದುಗಳಲ್ಲಿ ಸಿಮೆಂಟ್ ಕಚ್ಚಿ ಬಿಳಿಯ ಬಿರುಕುಗಳಾಗಿದ್ದವು. ದನಿ ಮಾತ್ರ ಎಲ್ಲೂ ಬಿರಿಯದೆ ಮೂರನೇ ಮಹಡಿಯಿಂದ ಗೇಟಿನವರೆಗೆ ಕೇಳುತ್ತಿತ್ತು. ಮರಾಠಿ ಸೀಮೆಯ ಬಿಡಕಿನ್‌ನಲ್ಲಿ ಕಾರ್ಖಾನೆ ಕಟ್ಟುವಲ್ಲಿ ನಾನು ಸ್ಟೋರ್ ನೋಡಿಕೊಳ್ಳುತ್ತಿದ್ದೆ. ವಿಜಯಪುರ ಕಡೆಯ ಈ ಅಕ್ಕ ಇಟ್ಟಿಗೆ ಹೊರುತ್ತಿದ್ದರು. ಕೂಲಿಗಳ ಮೇಸ್ತ್ರಿ ಮುಕಾದಮನನ್ನು ಮರಾಠಿಯಲ್ಲಿ, ಗಂಡನನ್ನು ಕನ್ನಡದಲ್ಲಿ, ಮಿಕ್ಸರ್ ಯಂತ್ರವನ್ನು ಎರಡರಲ್ಲೂ ಬೈಯುತ್ತಿದ್ದರು. ಅಂಥವರು ಒಂದು ಮಧ್ಯಾಹ್ನ ಮುಖಕ್ಕೆ ಸೆರಗು ಕಟ್ಟಿಕೊಂಡು, ತುಟಿ ಪಿಟ್ಟೆನ್ನದೆ ಶೆಡ್ಡಿನ ಹಿಂದಕ್ಕೆ ಹೋದರೆ ಯಾರಿಗೆ ತಾನೇ ಕುತೂಹಲವಾಗುವುದಿಲ್ಲ?

ಹಿಂಬಾಲಿಸಿದೆ. ಇಟ್ಟಿಗೆಗಳ ಮೇಲಿಟ್ಟ ಮರಳು ಸೋಸುವ ಜಾಲರಿಯಡಿ ಒಂದು ಟಿಟ್ಟಿಭದ ಮರಿ. ಸಿಮೆಂಟ್ ಚೀಲದ ದಾರ ಸುತ್ತಿಕೊಂಡು ಅದರ ಕಾಲು ಕೊಯ್ದುಹೋಗಿತ್ತು. ಅಕ್ಕ ದಾರ ಬಿಡಿಸಿದ್ದರು. ಈಗ ಉದ್ದನೆಯ ಕಡ್ಡಿಯಿಂದ ಗೆದ್ದಲನ್ನು ಒಳಗೆ ತಳ್ಳಿ, ಸದ್ದಿಲ್ಲದೆ ಹಿಂದೆ ಸರಿದರು. ಆಚೆ ಬಯಲಿನಲ್ಲಿ ತಾಯಿ ಹಕ್ಕಿ ಕೂಗುತ್ತಲೇ ಇತ್ತು.

“ಮಾತಾಡಿಸಬಾರದಾ ಅಕ್ಕಾ?” ಎಂದೆ, ದೂರ ಬಂದ ಮೇಲೆ.

“ಸಣ್ಣಾಕಿದ್ದಾಗ ಒಂದು ಕೌಜುಗದ ಮರಿ ಸಾಕಿದ್ದೆ ರೀ, ಸಾಹೇಬ್ರ. ಕರದ್ರ ಬರ್ತಿತ್ತು. ಯಾರ್ ಕರದ್ರೂ ಬರ್ತಿತ್ತು. ಒಂದಿನ ಬ್ಯಾರೇ ಯಾರೋ ಕರದ್ರು.”

ಇಷ್ಟು ಕೇಳಿಯೂ ನನಗೆ ಬುದ್ಧಿ ಬರಲಿಲ್ಲ. ಅಕ್ಕ ಕೆಲಸದಲ್ಲಿದ್ದಾಗ ನಾಲ್ಕು ದಿನ ಕದ್ದು ಹೋಗಿ, ಸಿಳ್ಳೆ ಹಾಕುತ್ತ ಹುಳು ತಿನ್ನಿಸಿದೆ. ಐದನೆಯ ದಿನ ಮರಿ ಅಂಗೈಗೇ ಬಂತು. ಹಿಗ್ಗಿ ಹೀರೇಕಾಯಿಯಾಗಿ ಅಕ್ಕನಿಗೆ ಹೇಳಿದೆ. ಅವರ ಮುಖ ಇಳಿದುಹೋಯಿತು.

“ಎಂಥಾ ಕೆಲಸಾ ಮಾಡಿದ್ರಿ! ಇಲ್ಲಿ ನಾಯಿ ಅದಾವು, ಕಲ್ಲು ಒಗಿಯೋ ಮಂದಿ ಅದಾರ. ಅದರ ಹಂತ್ಯಾಕ ಇದ್ದದ್ದು ಅಂಜಿಕಿ ಒಂದ ರೀ.”

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ನನ್ನನ್ನು ಅತ್ತ ಸುಳಿಯಗೊಡಲಿಲ್ಲ. ತಾಯಿಯ ಕೂಗು ಚೆನ್ನಾಗಿ ಕೇಳಲೆಂದು ಜಾಲರಿಯನ್ನು ಬಯಲಿನ ಅಂಚಿಗೆ ಸರಿಸಿದರು. ಊಟದ ಬಿಡುವನ್ನೆಲ್ಲ ಗೆದ್ದಲು ಹುಡುಕುವುದರಲ್ಲೇ ಕಳೆದರು. ಎರಡು ವಾರದ ಮೇಲೆ ಗಾಯ ಮಾಯಿತು. ಜಾಲರಿ ಎತ್ತುವ ದಿನ ನನ್ನನ್ನೇ ಕರೆದರು.

“ಸಿಳ್ಳಿ ಹೊಡೀರಿ.”

ತುಟಿ ಒಣಗಿತ್ತು. ಹೇಗೋ ಹೊಡೆದೆ. ಬಯಲಿನತ್ತ ಹೊರಟಿದ್ದ ಮರಿ ನಿಂತಿತು. ತಿರುಗಿ ನೋಡಿ ನನ್ನ ಕಡೆಗೆ ಎರಡು ಹೆಜ್ಜೆ ಇಟ್ಟಿತು. ಅಷ್ಟರಲ್ಲಿ ಬಯಲಿನಿಂದ ತಾಯಿ ಚೀರಿತು. ಮರಿ ನನ್ನನ್ನು ಆಗಷ್ಟೇ ಕಂಡಂತೆ ಬೆದರಿ, ಕುಂಟುತ್ತಲೇ ಓಡಿ ಹುಲ್ಲಿನಲ್ಲಿ ಮರೆಯಾಯಿತು.

“ಅಂಜಿತ್ರಿ! ನಿಮ್ಮನ್ನ ನೋಡಿ ಅಂಜಿತು!” ಎಂದು ಅಕ್ಕ ನನ್ನ ಬೆನ್ನಿಗೆ ಗುದ್ದಿದರು.

ಮುಂದೆ ಅವರ ತಂಡ ಇಗತಪುರಿಯ ಕೆಲಸಕ್ಕೆ ಹೋಯಿತು. ಅಲ್ಲಿ ಕಾಮಾಲೆಯಾಗಿ ಅಕ್ಕ ತೀರಿಕೊಂಡರೆಂದು ತಡವಾಗಿ ತಿಳಿಯಿತು. ನನ್ನ ತಪ್ಪನ್ನು ತಿದ್ದಿದ್ದಕ್ಕೆ ಅವರಿಗೆ ಒಂದು ಒಳ್ಳೆಯ ಮಾತನ್ನೂ ನಾನು ಹೇಳಿರಲಿಲ್ಲ. ಒಂದು ಜೀವ ನನ್ನನ್ನು ಕಂಡು ಹೆದರಿ ಓಡಿದ್ದಕ್ಕೆ ನಾನು ಸಂತೋಷದಿಂದ ಅತ್ತದ್ದು ಆ ದಿನ ಬಯಲಿನ ಅಂಚಿನಲ್ಲಿ, ಅದೊಂದೇ ಸಲ.