ಎಲ್ಲರೂ ಆರಾಮ ಇದ್ದಾರೆಂದವಳು ನಾನು

ಆ ಫೋನಿಗೆ ಉತ್ತರ ಕೊಟ್ಟವಳು ನಾನು. ನನ್ನ ನೆಗೆಣ್ಣಿ ಗಿರಿಜಕ್ಕ ಅಲ್ಲ. ಪ್ರವಾಸದ ವಿಮೆ ಮಾಡಿಸುವವರು, ಹೋಗುವವರಲ್ಲಿ ಯಾರಿಗಾದರೂ ಹಳೆಯ ಕಾಯಿಲೆ ಇದೆಯೇ ಎಂದು ಕೇಳಿದಾಗ, ಯಾರಿಗೂ ಏನೂ ಇಲ್ಲ ಎಂದು ಹೇಳಿದವಳು ನಾನು. ಇದೆ ಎಂದು ಹೇಳಲು ಅಕ್ಕ ನನ್ನ ಕೈ ಹಿಡಿದು ಕೇಳಿಕೊಂಡಿದ್ದಳು. ಕೇಳಿಕೊಂಡಿದ್ದು ನೆನಪಿತ್ತು. ಮರೆತೆನೆಂದು ಈಗ ಬರೆದರೆ ಅದು ಇನ್ನೊಂದು ಸುಳ್ಳು.

ಆಮೇಲೆ ಆ ಅಪವಾದ ಅಕ್ಕನ ಮೇಲೆ ಬಂತು. ನಾನು ಸುಮ್ಮನಿದ್ದೆ. ಒಂದು ದಿನವಲ್ಲ—ವರ್ಷಗಟ್ಟಲೆ.

ನಮ್ಮದು ಹಗರಿಬೊಮ್ಮನಹಳ್ಳಿ. ಪೈಪು, ಪಂಪ್‌ಸೆಟ್ಟಿನ ಸಾಮಾನಿನ ಅಂಗಡಿ. ನಮ್ಮ ಮನೆಯವರು ಮತ್ತು ಅವರ ಅಣ್ಣ, ಅಂದರೆ ನನಗೆ ಭಾವನವರು, ಕೂಡಿ ನಡೆಸುತ್ತಾರೆ. ಗಿರಿಜಕ್ಕ ಭಾವನವರ ಹೆಂಡತಿ, ತವರು ಇಟ್ಟಿಗಿ. ನಾನು ಸೊಸೆಯಾಗಿ ಬಂದಾಗ ನನಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಅತ್ತೆಯ ಕಣ್ಣಿಗೆ ಬೀಳದ ಹಾಗೆ ನನ್ನ ಹರಿದ ರೊಟ್ಟಿಗಳನ್ನೆಲ್ಲ ತನ್ನ ತಾಟಿಗೆ ಹಾಕಿಕೊಂಡು ಉಂಡವಳು ಅವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಅನ್ಯಾಯ ಮಾಡಿದ್ದು ಎಂಥವಳಿಗೆ ಎಂಬುದು ಓದುವವರಿಗೆ ಗೊತ್ತಿರಲಿ.

ಸಂಜೆ ದೀಪ ಹಚ್ಚಿದ ಮೇಲೆ ವಿಭೂತಿ ಇಟ್ಟುಕೊಂಡು, ಆ ದಿನ ದೇವರು ಏನೇನು ಕೊಟ್ಟ ಎಂದು ಒಂದೊಂದಾಗಿ ನೆನೆಯುವುದು ನನ್ನ ರೂಢಿ. ನಳದಲ್ಲಿ ನೀರು ಬಂತು, ಅತ್ತೆಯ ಮಂಡಿನೋವು ಕಡಿಮೆ ಇತ್ತು, ಹಾಲು ಒಡೆಯಲಿಲ್ಲ—ಇಂಥವೇ. ಇದನ್ನೂ ಯಾಕೆ ಹೇಳಿದೆನೆಂದರೆ, ಈ ರೂಢಿಯನ್ನು ನಾನು ಎಷ್ಟು ಕೆಡಿಸಿದೆನೆಂದು ಮುಂದೆ ಹೇಳಬೇಕಾಗಿದೆ.

ಎರಡು ಸಾವಿರದ ಇಸವಿ ದಾಟಿದ ಹೊಸದರ ಮಾತು. ಭಾವನವರು ಅಕ್ಕನನ್ನು ಕರೆದುಕೊಂಡು ದಾವಣಗೆರೆಗೆ ಜವಳಿ ತರಲು ಹೋಗಿದ್ದರು. ಆ ಜವಳಿ ಅಂಗಡಿಯಲ್ಲಿ ಬಹುಮಾನದ ಚೀಟಿಗೆ ಹೆಸರು, ನಂಬರು ತುಂಬಿಸಿಕೊಂಡವರು ಮುಂದಿನ ವಾರವೇ ಫೋನ್ ಮಾಡಿ, ನಿಮಗೆ ಬಹುಮಾನ ಬಂದಿದೆ, ಗಂಡ ಹೆಂಡತಿ ಇಬ್ಬರೂ ಬರಬೇಕು ಎಂದರು. ದೊಡ್ಡ ಹೋಟೆಲಿನಲ್ಲಿ ಕೂರಿಸಿ, ಚಹ ಕೊಟ್ಟು, ಬೆಟ್ಟದ ಮೇಲಿನ ಮನೆಗಳ ಚಿತ್ರ ತೋರಿಸಿದರು. ಬಹುಮಾನವೆಂದು ಒಂದು ಗೋಡೆ ಗಡಿಯಾರ ಕೊಟ್ಟರು. ಭಾವನವರು ರೊಕ್ಕ ಕಟ್ಟಿ ರಜೆಯ ಕ್ಲಬ್ಬಿನ ಸದಸ್ಯರಾಗಿ ಮನೆಗೆ ಬಂದರು.

ಕ್ಲಬ್ಬಿನ ಲೆಕ್ಕ ನಮಗೆ ತಿಳಿಯಲು ಬಹಳ ದಿನ ಹಿಡಿಯಿತು. ರೂಮಿಗೆ ರೊಕ್ಕ ಕೊಡುವುದಲ್ಲ. ವರ್ಷಕ್ಕಿಷ್ಟು ಪಾಯಿಂಟು ಎಂದು ಅವರು ನಮ್ಮ ಹೆಸರಿಗೆ ಹಾಕುತ್ತಾರೆ. ಬೇಸಿಗೆಯಲ್ಲಿ ಹೋದರೆ ಹೆಚ್ಚು ಪಾಯಿಂಟು ಖರ್ಚು, ಜನ ಬರದ ಚಳಿಯಲ್ಲಿ ಹೋದರೆ ಕಡಿಮೆ. ವರ್ಷದೊಳಗೆ ಹೋಗದಿದ್ದರೆ ಅವು ಹೋದವೇ. ಭಾವನವರು ಊಟಕ್ಕೆ ಕೂತಾಗ ತಮ್ಮ ಬಗ್ಗೆ ತಾವೇ ನಗುತ್ತಿದ್ದರು: “ರೊಕ್ಕ ಕೊಟ್ಟು ಪಾಯಿಂಟ್ ತಗೋಬೇಕಂತ, ಪಾಯಿಂಟ್ ಕೊಟ್ಟು ರೂಮ್ ತಗೋಬೇಕಂತ. ನಮ್ಮ ಅಂಗಡ್ಯಾಗ ನಾ ಹಿಂಗ ಮಾಡಿದ್ರ ಗಿರಾಕಿ ಪೈಪ್ ತಗೊಂಡ ಹೊಡೀತಾರ.”

ಬೇಸಿಗೆಯಲ್ಲಿ ಅಂಗಡಿಗೆ ಕೈತುಂಬ ಕೆಲಸ, ಆಮೇಲೆ ಹಬ್ಬ. ಹೀಗೆ ವರ್ಷ ಮುಗಿಯುತ್ತ ಬಂತು. ಕಡೆಗೆ ಚಳಿಗಾಲದಲ್ಲಿ ಊಟಿಗೆ ಹೋಗುವುದೆಂದು ಗೊತ್ತಾಯಿತು. ನಾವು ನಾಲ್ವರು—ಅಣ್ಣ ತಮ್ಮ, ನಾವಿಬ್ಬರು ನೆಗೆಣ್ಣಿಯರು. ಮಕ್ಕಳು ಅತ್ತೆಯ ಹತ್ತಿರ.

ಕೊಟ್ಟೂರು, ಹರಪನಹಳ್ಳಿ, ಹೆಚ್ಚೆಂದರೆ ಮೈಲಾರ—ಇಷ್ಟೇ ನಾನು ಕಂಡ ಲೋಕ. ಅದೂ ದೇವರಿಗೆ ಹೋಗಿದ್ದು, ಇಲ್ಲವೇ ಮದುವೆಗೆ. ಸುಮ್ಮನೆ ನೋಡಲೆಂದು ಒಂದು ಊರಿಗೆ ಹೋಗುವುದು—ನನಗೆ ನಾಚಿಕೆಯಾಗುವಷ್ಟು ಆಸೆಯಾಗಿತ್ತು. ಸ್ವೆಟರನ್ನು ಟ್ರಂಕಿನಿಂದ ತೆಗೆದು ನೋಡುವುದು, ಮತ್ತೆ ಇಡುವುದು.

ಅಕ್ಕನಿಗೆ ದಮ್ಮಿತ್ತು. ಚಳಿಯಲ್ಲಿ ಕೆಮ್ಮುತ್ತಾಳೆ ಎನ್ನುವಷ್ಟು ಮಾತ್ರ ಮನೆಯವರಿಗೆ ಗೊತ್ತು. ತವರಿಗೆ ಹೋದಾಗ ಒಮ್ಮೆ ಉಸಿರು ಕಟ್ಟಿ ಹರಪನಹಳ್ಳಿಯ ಆಸ್ಪತ್ರೆಯಲ್ಲಿ ಇಟ್ಟಿದ್ದರು, ಅಂದಿನಿಂದ ಬಾಯಿಗೆ ಹೊಡೆದುಕೊಳ್ಳುವ ಪಂಪು ಸೀರೆಯ ಗಂಟಿನಲ್ಲಿ ಇಟ್ಟುಕೊಳ್ಳುತ್ತಾಳೆ—ಇದು ನನಗೊಬ್ಬಳಿಗೇ ಗೊತ್ತು. ಅಕ್ಕನ ಮಗಳು ಮದುವೆಯ ವಯಸ್ಸಿಗೆ ಬಂದಿದ್ದಳು. ತಾಯಿಗೆ ದಮ್ಮು ಎಂದರೆ ಬಂದ ಗಂಡಿನವರು ಎದ್ದು ಹೋಗುತ್ತಾರೆಂದು ಅವಳ ಹೆದರಿಕೆ.

ಪ್ರವಾಸಕ್ಕೆ ವಿಮೆ ಮಾಡಿಸಿ ಎಂದು ಕ್ಲಬ್ಬಿನವರು ಅಂಗಡಿಗೆ ಫೋನ್ ಮಾಡಿದ್ದರು. ಭಾವನವರು ಆಗಲಿ ಎಂದು, ಹೆಣ್ಣುಮಕ್ಕಳ ವಿವರಕ್ಕೆ ಮನೆಗೇ ಮಾಡಿ ಎಂದು ನಂಬರು ಕೊಟ್ಟರು. ಇದು ತಿಳಿದಾಗ ಅಕ್ಕ ನನ್ನನ್ನು ಹಿತ್ತಲಿಗೆ ಕರೆದಳು. ತನಗೆ ಫೋನಿನಲ್ಲಿ ಮಾತಾಡಲು ಬರುವುದಿಲ್ಲ, ಗಂಟಲು ಕಟ್ಟುತ್ತದೆ, ನೀನೇ ಎತ್ತು ಎಂದಳು. ಆಮೇಲೆ ಕೈ ಹಿಡಿದು ಅಂದಳು:

“ನನ್ನ ದಮ್ಮಿನ ಸುದ್ದಿ ಅವರಿಗೆ ಹೇಳಿಬಿಡು ಲೀಲಾ. ಮನ್ಯಾಗ ಬ್ಯಾಡ. ಅವರಿಗೆ ಹೇಳು. ನಾಳೆ ಅಲ್ಲೇನರ ಆದ್ರ ಎಲ್ಲಾರಿಗೂ ತ್ರಾಸ ಆಗಬಾರದು.”

ಹೂಂ ಅಂದೆ. ಅವಳ ಕೈ ತಣ್ಣಗಿತ್ತು.

ನಮ್ಮ ಮನೆಯಲ್ಲಿ ಒಂದು ಪದ್ಧತಿ. ದೂರದ ಊರಿಗೆ ಹೊರಡುವುದು ನಿಶ್ಚಯವಾದರೆ ಅತ್ತೆ ಹೊಸ ಬಟ್ಟೆಯ ಚೂರಿನಲ್ಲಿ ನಾಣ್ಯ, ವಿಭೂತಿ ಇಟ್ಟು ಕೊಟ್ಟೂರು ಬಸವೇಶ್ವರನ ಹೆಸರಿನಲ್ಲಿ ಮುಡಿಪು ಕಟ್ಟಿ ದೇವರ ಜಗುಲಿಯ ಮೇಲಿಡುತ್ತಾರೆ. ಹೋದವರು ತಿರುಗಿ ಬರುವ ತನಕ ಮನೆಯಲ್ಲಿ ರೋಗದ ಮಾತು, ಸಾವಿನ ಮಾತು ಆಡುವಂತಿಲ್ಲ. ಆಡಿದರೆ ದೇವರಿಗೆ ಒಪ್ಪಿಸಿದ್ದನ್ನು ಹಿಂದಕ್ಕೆ ಕಿತ್ತುಕೊಂಡ ಹಾಗೆ. ಫೋನು ಬಂದದ್ದು ಮುಡಿಪು ಕಟ್ಟಿದ ಮರುದಿನ ಬೆಳಿಗ್ಗೆ. ಅತ್ತೆ ಅಲ್ಲೇ ಪೂಜೆಗೆ ಕೂತಿದ್ದರು.

ಆ ಕಡೆ ಒಬ್ಬ ಹುಡುಗಿ. ಹೆಸರು, ವಯಸ್ಸು ಕೇಳಿದಳು. ಆಮೇಲೆ—ಯಾರಿಗಾದರೂ ಬಿ.ಪಿ., ಸಕ್ಕರೆ, ದಮ್ಮು, ಎದೆನೋವು? ಅಕ್ಕ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದಳು. ಸದ್ದು ಕೇಳುತ್ತಿತ್ತು.

“ಇಲ್ರಿ. ಎಲ್ಲಾರೂ ಆರಾಮ ಅದಾರ” ಎಂದೆ.

ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ—ಮುಡಿಪು ಕಟ್ಟಿತ್ತು, ಅತ್ತೆ ಎದುರಿಗಿದ್ದರು, ಬಾಯಲ್ಲಿ ರೋಗದ ಹೆಸರು ಹೇಗೆ ತರಲಿ, ದೇವರು ಕಾಯುವಾಗ ಕಂಪನಿಗೆ ಹೇಳುವುದು ದೇವರನ್ನು ನಂಬದ ಹಾಗೆ ಅಲ್ಲವೇ ಎಂದು. ಅದು ನೆಪ. ನಿಜ ಇಷ್ಟು: ದಮ್ಮು ಎಂದರೆ ಚಳಿಯ ಊರಿಗೆ ಬೇಡ ಎಂದಾರು, ಭಾವನವರ ಕಿವಿಗೆ ಬಿದ್ದೀತು, ಹೋಗುವುದು ನಿಂತೀತು, ಪಾಯಿಂಟು ವರ್ಷದ ಜೊತೆ ಸತ್ತು ಹೋದಾವು, ನನ್ನ ಊಟಿ—ಹೌದು, ನನ್ನ ಊಟಿ—ತಪ್ಪೀತು ಎಂದು ಹೆದರಿದೆ. ದೇವರ ಹೆಸರನ್ನು ಆ ಆಸೆಯ ಮೇಲೆ ಹೊದಿಸಿದೆ.

ಹೇಳಿದೆಯಾ ಎಂದು ಅಕ್ಕ ಕೇಳಿದಳು. ಆಯಿತು ಎಂದೆ. ಏನು ಆಯಿತು ಎಂದು ಹೇಳಲಿಲ್ಲ.

ಹೋದೆವು. ದಾರಿಯುದ್ದಕ್ಕೂ ನಾನು ಅಕ್ಕನ ಎದೆಯನ್ನೇ ನೋಡುತ್ತಿದ್ದೆ. ಕೆಮ್ಮಿದರೆ ಕಿಟಕಿ ಮುಚ್ಚುತ್ತಿದ್ದೆ. ಊಟಿಯಲ್ಲಿ ಎರಡನೆಯ ಬೆಳಿಗ್ಗೆ ಹುಲ್ಲಿನ ಮೇಲೆ ಮಂಜು ಉಪ್ಪು ಚೆಲ್ಲಿದ ಹಾಗೆ ಬಿದ್ದಿತ್ತು. ಅದನ್ನು ನೋಡು ಬಾ ಎಂದು ಅಕ್ಕನನ್ನು ಹೊರಗೆ ಎಳೆದವಳೂ ನಾನೇ. ಸ್ವಲ್ಪ ಹೊತ್ತಿಗೆ ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. ತುಟಿ ನೀಲಿ. ಪಂಪು ಹೊಡೆದುಕೊಂಡಳು, ಇನ್ನೊಮ್ಮೆ ಹೊಡೆದುಕೊಂಡಳು, ದಮ್ಮು ನಿಲ್ಲಲಿಲ್ಲ. ಭಾವನವರು ಆ ಪಂಪನ್ನು ಮೊದಲ ಸಲ ಕಂಡದ್ದು ಹಾಗೆ. ಅಲ್ಲಿನ ಆಸ್ಪತ್ರೆಯವರು ಆಗುವುದಿಲ್ಲವೆಂದು ಕೊಯಮತ್ತೂರಿಗೆ ಕಳಿಸಿದರು. ಬೆಟ್ಟ ಇಳಿಯುವ ದಾರಿಯಲ್ಲಿ ಅಕ್ಕನ ತಲೆ ನನ್ನ ತೊಡೆಯ ಮೇಲಿತ್ತು. ತಿರುವು ಬಂದಾಗಲೆಲ್ಲ ಅವಳ ಉಸಿರು ನಿಂತಿತೆಂದು ಅನ್ನಿಸುತ್ತಿತ್ತು. ಅಪ್ಪಾ, ಇವಳನ್ನು ಉಳಿಸು, ಎಲ್ಲಾ ಹೇಳಿಬಿಡುತ್ತೇನೆ ಎಂದು ಬೇಡಿಕೊಂಡೆ. ಅವಳು ಉಳಿದಳು. ನಾನು ಹೇಳಲಿಲ್ಲ.

ಊರಿಗೆ ಬಂದ ಮೇಲೆ ಆಸ್ಪತ್ರೆಯ ಖರ್ಚು ಕೇಳಲು ಭಾವನವರು ವಿಮೆಯವರಿಗೆ ಬರೆದರು. ಒಬ್ಬ ಮನುಷ್ಯ ವಿಚಾರಣೆಗೆಂದು ಮನೆಗೆ ಬಂದ. ಸಮಾಧಾನದ ಮನುಷ್ಯ. ಭಾವನವರು ಮೊದಲು ಕೇಳಿದ್ದು ಊಟಿಯಲ್ಲಿ ಉಳಿಯದೇ ಬಿಟ್ಟ ದಿನಗಳ ಪಾಯಿಂಟಿನ ವಿಷಯ. ಪಾಯಿಂಟಿಗೆ ನಮ್ಮ ವಿಮೆ ಇಲ್ಲ, ಅದು ನಿಮಗೂ ಕ್ಲಬ್ಬಿಗೂ ಬಿಟ್ಟದ್ದು, ನೀವು ಕೈಯಿಂದ ಕೊಟ್ಟ ಟಿಕೆಟ್ಟು, ಆಸ್ಪತ್ರೆ, ಇಂಥದಕ್ಕೆ ಮಾತ್ರ ವಿಮೆ ಎಂದ. ಈ ಆಸ್ಪತ್ರೆಯ ಖರ್ಚೂ ಬರುವುದಿಲ್ಲ ಎಂದ. ದಮ್ಮು ಹಳೆಯದೆಂದು ಡಾಕ್ಟರು ಬರೆದಿದ್ದಾರೆ. ನಾವು ಕೇಳಿದಾಗ ಮನೆಯ ಹೆಣ್ಣುಮಗಳೇ ಯಾರಿಗೂ ಏನೂ ಇಲ್ಲ ಎಂದಿದ್ದಾರೆ. ಹೇಳಿದ್ದರೆ ಸ್ವಲ್ಪ ಹೆಚ್ಚು ಕಟ್ಟಿಸಿಕೊಂಡು ಅದಕ್ಕೂ ಸೇರಿಸಿ ಕೊಡುತ್ತಿದ್ದೆವು ಎಂದ.

ಹೇಳಿದ್ದರೆ ಕೊಡುತ್ತಿದ್ದರು. ಪ್ರವಾಸವನ್ನು ಯಾರೂ ನಿಲ್ಲಿಸುತ್ತಿರಲಿಲ್ಲ. ನಾನು ಯಾವುದಕ್ಕೆ ಹೆದರಿ ಸುಳ್ಳಾಡಿದೆನೋ ಅದು ಇರಲೇ ಇಲ್ಲ.

ಅಕ್ಕ ಚಹದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಭಾವನವರು ಅವಳ ಕಡೆ ತಿರುಗಿದರು.

“ನೀ ಹೇಳಿದ್ದೇನ ಹಂಗ?”

ಅವಳು ಅವರನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ದಾರಿ ಬಿಡುವವರ ಹಾಗೆ—ಹೇಳು, ಈಗ ಹೇಳು ಎನ್ನುವ ಹಾಗೆ ಕಾಯ್ದಳು.

ನಾನು ಹಾಲು ಉಕ್ಕುತ್ತದೆ ಎಂದು ಒಳಗೆ ಹೋದೆ. ಒಲೆಯ ಮೇಲೆ ಹಾಲಿರಲಿಲ್ಲ.

ಅಕ್ಕ ನನ್ನ ಹೆಸರು ಹೇಳಲಿಲ್ಲ. ಗಂಡನಿಂದ ಪಂಪು ಮುಚ್ಚಿಟ್ಟಿದ್ದಳಲ್ಲ, ಇನ್ನು ಅವಳು ಏನಂದರೂ ಯಾರು ನಂಬುತ್ತಿದ್ದರು? ಫೋನೆತ್ತಿದ್ದು ನಾನೆಂದು ಕಂಡಿದ್ದ ಅತ್ತೆಯೂ, ಅಕ್ಕ ಹೇಳಿಕೊಟ್ಟದ್ದನ್ನೇ ನಾನು ಹೇಳಿದೆನೆಂದು ತಿಳಿದರು. ಆ ಸಂಜೆ ದೀಪದ ಮುಂದೆ ಕೂತು ನಾನು ಆ ದಿನ ದೇವರು ಕೊಟ್ಟದ್ದನ್ನು ಎಣಿಸಿದೆ. ಯಾರೂ ನನ್ನನ್ನು ಕೇಳಲಿಲ್ಲ ಎಂಬುದನ್ನೂ ಅದರಲ್ಲಿ ಸೇರಿಸಿದೆ. ಅದನ್ನೂ ದೇವರ ದಯೆ ಎಂದು ಎಣಿಸಿದೆ.

ಆಮೇಲಿನ ವರ್ಷಗಳು. ಭಾವನವರು ಕೆಟ್ಟವರಲ್ಲ, ಹೊಡೆದು ಬಡಿದವರಲ್ಲ. ಆದರೆ ಬಂದವರೆದುರಿಗೆ, “ನಮ್ಮ ಅಂಗಡ್ಯಾಗ ಇಲ್ಲದ ಪಂಪ್ ಇಕಿ ಗಂಟಿನ್ಯಾಗ ಇತ್ತು ನೋಡ್ರಿ” ಎಂದು ನಗುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ಸೆರಗು ಬಾಯಿಗೆ ಹಿಡಿಯುತ್ತಿದ್ದೆ. ಅಕ್ಕ ಆರಾಮ ಇದ್ದೇನೆ ಎಂದರೆ ನಂಬರು. ಆರಾಮಿಲ್ಲ ಎಂದರೂ ನಂಬರು. ನನ್ನನ್ನು ಕರೆದು, “ನೀ ಹೇಳವ್ವ ಲೀಲಾ, ಇಕಿಗೆ ಖರೇನ ಆರಾಮ ಐತೇನು? ನಿನ್ನ ಮಾತಾದ್ರ ನಂಬಬಹುದು” ಎನ್ನುತ್ತಿದ್ದರು. ನಾನು ಉತ್ತರ ಕೊಡುತ್ತಿದ್ದೆ. ಅವಳ ಉಸಿರಿಗೆ ನಾನು ಸಾಕ್ಷಿ.

ಫೋನು ಸದ್ದು ಮಾಡಿದರೆ ಎತ್ತದೆ ಹಿತ್ತಲಿಗೆ ಹೋಗುತ್ತಿದ್ದೆ. ಅಪರಿಚಿತರು ಗೇಟು ತೆರೆದರೆ ವಿಮೆಯವನೇ ತಿರುಗಿ ಬಂದನೆಂದು ಬಾಗಿಲ ಹಿಂದೆ ಸರಿಯುತ್ತಿದ್ದೆ. ಅಕ್ಕ ಬಾಯಿ ತೆರೆದರೆ ಸಾಕು—ಈಗ ಹೇಳುತ್ತಾಳೆ, ಈಗ. ಅವಳು ಉಪ್ಪು ಕೊಡು ಎನ್ನುತ್ತಿದ್ದಳು. ಅಷ್ಟೇ.

ಕಳೆದ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಹಿತ್ತಲಿಗೆ ಹೋದರೆ ಅಕ್ಕ ಒಗೆಯುವ ಕಲ್ಲಿನ ಮೇಲೆ ಬಗ್ಗಿ ಕೂತಿದ್ದಳು. ಉಸಿರು ಸಿಳ್ಳೆ ಹೊಡೆಯುತ್ತಿತ್ತು. ಪಂಪು ಖಾಲಿಯಾಗಿ ಎಷ್ಟೋ ದಿನವಾಗಿತ್ತಂತೆ. ಓಡಿ ಹೋಗಿ ಆಟೋ ತಂದು ಡಾಕ್ಟರ ಹತ್ತಿರ ಕರೆದೊಯ್ದೆ. ಉಸಿರು ಹಿಡಿತಕ್ಕೆ ಬಂದ ಮೇಲೆ, ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದರೆ ಮತ್ತೆ ನಿನ್ನನ್ನು ಕರೆದು ಕೇಳುತ್ತಾರೆ, ಅದು ಬೇಡವಾಗಿತ್ತು ಎಂದಳು.

ನಾನು ಅವಳ ಕಾಲು ಹಿಡಿದೆ. ಅಕ್ಕಾ, ಆ ದಿನ ಫೋನಿನಲ್ಲಿ ನಾನು—ಎಂದು ಶುರು ಮಾಡಿದೆ. ಅವಳು ಕಾಲು ಹಿಂದಕ್ಕೆ ತೆಗೆದುಕೊಂಡಳು.

“ನನಗ ಯಾಕ ಹೇಳ್ತಿ? ನನಗ ಗೊತ್ತಿರೋದ. ಗೊತ್ತಿಲ್ಲದೋರಿಗೆ ಹೇಳು.”

ಮರುದಿನ ಭಾವನವರು, ನಮ್ಮ ಮನೆಯವರು ಊಟಕ್ಕೆ ಕೂತಾಗ ಹೇಳಿದೆ. ನಿಂತುಕೊಂಡೇ ಹೇಳಿದೆ. ಅಕ್ಕ ಹೇಳಲು ಕೇಳಿಕೊಂಡದ್ದು, ನಾನು ಹೇಳದೆ ಹೋದದ್ದು, ಹಾಲಿನ ನೆಪ—ಒಂದನ್ನೂ ಬಿಡದೆ. ನಮ್ಮ ಮನೆಯವರು ತಾಟು ಸರಿಸಿ ಎದ್ದು ಹೋದರು. ಭಾವನವರ ಕೈ ಅನ್ನದಲ್ಲೇ ಇತ್ತು. ಅಕ್ಕನ ಕಡೆ ನೋಡಿ, ಹೌದೇನು ಎಂದು ಕೇಳಿದರು.

“ಅಕಿನ್ನ ಕೇಳ್ರಿ” ಎಂದಳು ಅಕ್ಕ. “ನನ್ನ ಮಾತು ನೀವು ನಂಬೂದು ಬಿಟ್ಟು ಭಾಳ ದಿನ ಆತು.”

ಅವರು ನನ್ನನ್ನು ಕೇಳಲಿಲ್ಲ. ಆಮೇಲೆ ಇವತ್ತಿನ ತನಕ ಯಾವುದನ್ನೂ ಕೇಳಿಲ್ಲ. ಅಕ್ಕನ ಮುಂದೆ ನಿಂತು ಹೇಗಿದ್ದೀ ಎಂದು ಅವಳನ್ನೇ ಕೇಳುತ್ತಾರೆ, ಮಾತು ಹೊಸದಾಗಿ ಕಲಿತವರ ಹಾಗೆ. ಒಂದೊಂದು ದಿನ ಅವಳು ಉತ್ತರ ಕೊಡುತ್ತಾಳೆ. ಒಂದೊಂದು ದಿನ ಕೇಳಿಸದವಳ ಹಾಗೆ ಕಾಳು ಆರಿಸುತ್ತ ಕೂತಿರುತ್ತಾಳೆ, ಅವರು ಸ್ವಲ್ಪ ಹೊತ್ತು ನಿಂತು ಅಂಗಡಿಗೆ ಹೋಗುತ್ತಾರೆ. ನಾನು ಅಲ್ಲೇ ಇರುತ್ತೇನೆ. ತಲೆ ಎತ್ತುವುದಿಲ್ಲ.