ಬಿಲ್ಲೆಯ ಮೇಲಿನ ಮುಖ

ಚಿತ್ತಾಪುರದ ಆ ಬೆಳ್ಳಿ ಕೆಲಸದ ಪತ್ತಾರರಿಗೆ ಎಡಗಣ್ಣಿನ ಮೇಲೆ ಹುಬ್ಬು ಇರಲಿಲ್ಲ. ಯಾವಾಗಲೋ ಕೆಲಸದ ಉರಿ ಸುಟ್ಟಿತ್ತಂತೆ, ಮತ್ತೆ ಬೆಳೆಯಲಿಲ್ಲ. ಊದುಗೊಳವೆ ಊದಿ ಊದಿ ಕೆಳದುಟಿ ಒಂದು ಬದಿಗೆ ಜಗ್ಗಿತ್ತು. ಎಡಗಣ್ಣೋ ಬಲಗಣ್ಣೋ ಎಂದು ಯಾರಾದರೂ ಒತ್ತಿ ಕೇಳಿದರೆ ಆಣೆ ಮಾಡಿ ಹೇಳಲಾರೆ. ಅವರ ವಿಷಯದಲ್ಲಿ ನನ್ನ ನೆನಪು ಒಮ್ಮೆ ನನಗೆ ಮೋಸ ಮಾಡಿದೆ.

ನನ್ನನ್ನು ಹೆತ್ತವಳು ನಾನು ಒಂದೂವರೆ ವರ್ಷದವಳಿದ್ದಾಗ ತೀರಿಕೊಂಡಳು. ಅವಳ ಒಂದು ಫೋಟೋ ಕೂಡ ಇಲ್ಲ. ಹೇಗಿದ್ದಳು ಎಂದು ಕೇಳಿದರೆ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ. ವರ್ಷ ತುಂಬುವುದರೊಳಗೆ ಅವನು ಮತ್ತೆ ಮದುವೆಯಾಗಿ ಚಿಕ್ಕವ್ವನನ್ನು ವಾಡಿಯ ನಮ್ಮ ಮನೆಗೆ ಕರೆತಂದ. ಎರಡನೆಯವಳಾಗಿ ಬಂದವಳು, ತೀರಿಹೋದ ಮೊದಲನೆಯವಳ ರೂಪ ಒತ್ತಿದ ಸಣ್ಣ ಬೆಳ್ಳಿ ಬಿಲ್ಲೆಯನ್ನು ತಾಳಿಯ ಜೊತೆ ಕೊರಳಲ್ಲಿ ಹಾಕಿಕೊಳ್ಳಬೇಕು, ನಮ್ಮಲ್ಲಿ ಹಾಗೆ. ಹಬ್ಬದ ದಿನ ಅದಕ್ಕೆ ಕುಂಕುಮ ಹಚ್ಚಿ, ಹೋಳಿಗೆಯ ಎಡೆ ಹಿಡಿದು, ಆಮೇಲೆ ತಾನು ಉಣ್ಣಬೇಕು. ಚಿಕ್ಕವ್ವನ ಬಿಲ್ಲೆ ಮಾಡಿಕೊಟ್ಟವರು ಈ ಪತ್ತಾರರೇ.

ಬಿಲ್ಲೆಯ ಕೊಂಡಿ ಬಿಟ್ಟಾಗ, ಅಂಚು ಸೀಳಿದಾಗ ಅವಳು ನನ್ನನ್ನೂ ಕರೆದುಕೊಂಡು ಚಿತ್ತಾಪುರಕ್ಕೆ ಹೋಗುತ್ತಿದ್ದಳು. ಪತ್ತಾರರು ಫರಸಿ ಕಲ್ಲಿನ ನೆಲದ ಮೇಲೆ ಗೋಣಿಚೀಲ ಹಾಸಿ ಕೂತಿರುತ್ತಿದ್ದರು.

"ನಿನ್ನ ಸವತಿಗಿ ಮತ್ತ ಎಲ್ಲಿ ಗುದ್ದಿದಿ ಬೇ?"

"ಆಕೀನೇ ನನಗ ಗುದ್ದತಾಳ್ರಿ. ಕಸಾ ಹೊಡೀಲಿಕ್ಕ ಬಗ್ಗಿದರ ಎದಿಗಿ ಚುಚ್ಚತಾಳ."

ಇಬ್ಬರೂ ನಗುತ್ತಿದ್ದರು. ಸೇಡಂ, ಶಹಾಬಾದ, ಚಿಂಚೋಳಿಯಿಂದಲೂ ಅವರ ಬಳಿಗೆ ಅಜ್ಜಿಯರ ಕಾಲ್ಗಡಗ, ತೊಟ್ಟಿಲ ಗೆಜ್ಜೆ, ದೇವರ ಬೆಳ್ಳಿ ಬರುತ್ತಿದ್ದವು. ಮುರಿದಲ್ಲಿ ಬಿಳಿಗಾರದ ಪುಡಿ ಸವರಿ, ಕಾಳಿನಷ್ಟು ಬೆಳ್ಳಿ ಇಟ್ಟು, ಉಸಿರು ಹಿಡಿದು ಊದಿದರೆಂದರೆ ಬೆಸುಗೆ ಎಲ್ಲಿದೆ ಎಂದು ಕಣ್ಣಿಗೆ ಸಿಗುತ್ತಿರಲಿಲ್ಲ. ಆದರೆ ತೆಳ್ಳಗಾದ ಹಳೆಯ ಬೆಳ್ಳಿಗೆ ಹೊಸ ಹೊಳಪು ಕೊಡಲು ಒಪ್ಪುತ್ತಿರಲಿಲ್ಲ. "ಮುರದದ್ದು ಕೂಡಸ್ತೀನಿ, ಸವದದ್ದು ಮುಟ್ಟಂಗಿಲ್ಲ" ಎನ್ನುತ್ತಿದ್ದರು.

ಕೆಲಸ ಮುಗಿದ ಮೇಲೆ ಬಿಲ್ಲೆಯನ್ನು ಅಂಟವಾಳದ ನೊರೆಯಲ್ಲಿ ತಿಕ್ಕಿ ನನ್ನ ಅಂಗೈಯ ಮೇಲಿಡುತ್ತಿದ್ದರು. ದುಂಡು ಮುಖ, ನೀಳ ಮೂಗು, ಮೂಗುತಿ. "ನಿಮ್ಮವ್ವ ಥೇಟ್ ಹಿಂಗೇ ಇದ್ದಳು." ಆ ಮಾತು ಅವರದೇ ದನಿಯಲ್ಲಿ ಇಂದಿಗೂ ನನ್ನ ಕಿವಿಯಲ್ಲಿದೆ. ಆ ಮೂಗನ್ನು ನಾನು ಎಷ್ಟೋ ವರ್ಷ ಕನ್ನಡಿಯಲ್ಲಿ ಹುಡುಕಿದ್ದೇನೆ.

ನಾಲ್ಕು ವರ್ಷದ ಹಿಂದೆ ಚಿಕ್ಕವ್ವ ಹೋದಳು. ಮಣ್ಣಿಗೆ ಒಯ್ಯುವ ಮುಂಚೆ ಅವಳ ಕೊರಳಿನಿಂದ ಬಿಚ್ಚಿದ ಬಿಲ್ಲೆ ನನ್ನ ಕೈಗೆ ಬಂತು. ಸುಮಾರು ನಲವತ್ತು ವರ್ಷ ಅವಳ ಎದೆಗೆ ಉಜ್ಜಿ ಉಜ್ಜಿ ಕಣ್ಣು ಮೂಗು ಎಲ್ಲ ಅಳಿಸಿ, ಒಂದು ಕೆನ್ನೆಯ ಇಳಿಜಾರು ಮಾತ್ರ ಉಳಿದಿತ್ತು. ಮುಖ ಮತ್ತೆ ಮೂಡಿಸಿಕೊಡಿ ಎಂದು ಪತ್ತಾರರ ಬಳಿಗೆ ಒಯ್ದೆ. ಮುದುಕರಾಗಿದ್ದರು. ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಬ್ಯಾಡ ತಂಗಿ. ಎಲ್ಲೂ ಮುರದಿಲ್ಲ ಇದು. ನಿಮ್ಮ ಚಿಕ್ಕವ್ವನ ಮೈಗಿ ಸವದದ. ಹಂಗೇ ಇರ್ಲಿ."

ನಾನು ಕೇಳಲಿಲ್ಲ. ನನ್ನವ್ವನ ಮುಖ ನನಗೆ ಬೇಕು, ಅದನ್ನು ಬೇಡ ಅನ್ನಲು ನೀವ್ಯಾರು ಎಂದೆ. ಅವರು ಎಂಟು ದಿನ ಬಿಟ್ಟು ಬರಲು ಹೇಳಿದರು.

ಎಂಟು ದಿನಕ್ಕೆ ಹೋದಾಗ ಬಿಲ್ಲೆಯ ಹಿಂಬದಿಗೆ ತೆಳುವಾದ ತಗಡು ಕೂಡಿಸಿ ಮುಖವನ್ನು ಹೊಸದಾಗಿ ಒತ್ತಿ ಇಟ್ಟಿದ್ದರು. ಮೂಗುತಿಯ ಕಲ್ಲು ಕೂಡ ಎದ್ದು ಕಾಣುತ್ತಿತ್ತು. ನನಗೆ ಅಳು ಬಂತು. ಕಣ್ಣು ಒರೆಸಿಕೊಂಡಾಗ ಅವರ ಮೊಣಕಾಲಿನ ಬಳಿ ತಾಟಿನಲ್ಲಿದ್ದ ಇನ್ನೊಂದು ಬಿಲ್ಲೆ ಕಾಣಿಸಿತು. ಅದೇ ದುಂಡು ಮುಖ, ಅದೇ ಮೂಗು, ಅದೇ ಮೂಗುತಿ.

"ಇದು ಯಾರದು ಕಾಕಾ?"

"ಚಿಂಚೋಳಿ ಕಡೀದವರದು. ಕೊಂಡಿ ಹಚ್ಚಬೇಕು."

"ಮುಖ ಒಂದೇ ಅದ."

"ಅಚ್ಚು ಒಂದೇ ಅಲ್ಲೇನವ್ವ? ನಮ್ಮಪ್ಪನ ಕಾಲದ್ದು." ಗೋಣಿಚೀಲದ ಅಡಿಯಿಂದ ಕಂಚಿನ ಅಚ್ಚು ತೆಗೆದು ತೋರಿಸಿದರು. ಈ ಸುತ್ತಿನ ಊರುಗಳಲ್ಲಿ ಸತ್ತ ಮೊದಲ ಹೆಂಡತಿಯರೆಲ್ಲ ಆ ಒಂದೇ ಗುಳಿಯಿಂದ ಎದ್ದು ಬಂದವರು.

"ನಮ್ಮವ್ವ ಥೇಟ್ ಹಿಂಗೇ ಇದ್ದಳು ಅಂತ ನೀವೇ ಹೇಳತಿದ್ರಲ್ಲ?"

"ನಿಮ್ಮವ್ವನ್ನ ನಾ ನೋಡೇ ಇಲ್ಲ. ನೀನೇ ಕೇಳತಿದ್ದಿ, ಥೇಟ್ ಹಿಂಗೇ ಇದ್ದಳೇನ್ರಿ ಅಂತ. ಸಣ್ಣ ಕೂಸು. ನಾ ಹೂಂ ಅಂತಿದ್ದೆ."

ಹಾಗಾದರೆ ಇದು ನಾನು ತಂದಾಗ ಹೇಗಿತ್ತೋ ಹಾಗೆ ಮಾಡಿಕೊಡಿ ಎಂದೆ.

"ಅದು ನನ್ನ ಕೈಲಿ ಆಗೂದಲ್ಲವ್ವ. ಅದಕ್ಕ ಒಬ್ಬಾಕಿ ನಲವತ್ತು ವರ್ಷ ಕೊರಳಾಗ ಹಾಕ್ಕೋಬೇಕು."

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವರ ಮುಂದೆಯೇ ನಾನು ಪತ್ತಾರರನ್ನು ಸುಳ್ಳುಗಾರ ಎಂದೆ. ಅವರು ತಲೆ ತಗ್ಗಿಸಿ ಊದುಗೊಳವೆಗಾಗಿ ತಡಕಾಡತೊಡಗಿದರು. ಅದು ಅವರ ಎದುರಿಗೇ ಇತ್ತು.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರೆಂದು ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹೇಳಿದರು. ಥೇಟ್ ಹಿಂಗೇ ಇದ್ದಳು ಎಂಬ ಮಾತು ಯಾರು ಮೊದಲು ಆಡಿದ್ದು, ಅವರೋ ನಾನೋ, ಇನ್ನು ತಿಳಿಯುವ ದಾರಿಯಿಲ್ಲ. ಅವರು ಬೇಡ ಅಂದದ್ದು ಮಾತ್ರ ನಿಜ. ನನ್ನ ಸಿಟ್ಟು ನನಗೆ ಚೆನ್ನಾಗಿ ನೆನಪಿದೆ. ಚಿಕ್ಕವ್ವನ ಮೈ ಉಜ್ಜಿದ ಗುರುತನ್ನು, ಅದನ್ನು ಉಳಿಸಬೇಕೆಂದವರ ಕೈಯಿಂದಲೇ ನಾನು ಅಳಿಸಿಹಾಕಿಸಿದೆ. ಈಗ ಬಿಲ್ಲೆಯ ಮೇಲೆ ಯಾರೂ ಅಲ್ಲದ ಒಬ್ಬ ಹೆಂಗಸಿದ್ದಾಳೆ. ಪತ್ತಾರರ ಮುಂದೆ ಹೋಗಿ ತಪ್ಪಾಯಿತು ಅನ್ನಲು ನನಗೆ ಮೂರು ವರ್ಷವಿತ್ತು. ಚಿತ್ತಾಪುರದ ಮೇಲೆ ಹಾಯುವ ಬಸ್ಸಿನಲ್ಲಿ ಎಷ್ಟೋ ಸಲ ಹೋದೆ. ಇಳಿಯಲಿಲ್ಲ.